ಬಗಲಲ್ಲಿ ಕಾಸಿದ ಚೆಂಡು

ಬ್ಯಾಡಗಿಯಲ್ಲಿ ಗಾಲ್ಫ್ ಆಡುವವರು ಒಬ್ಬರೇ. ಅವರು ನಮ್ಮ ಕಾಕಾ. ನಗುವವರು ನಗಲಿ, ಅವರ ಆಟ ನೋಡಿದ ಮೇಲೆ ನಗಲಿಕ್ಕೂ ತ್ರಾಣ ಉಳಿಯುವುದಿಲ್ಲ!

ಕಾಕಾ ನಿವೃತ್ತ ಕನ್ನಡ ಮಾಸ್ತರರು. ರಾಣೆಬೆನ್ನೂರಿನ ಗುಜರಿ ಅಂಗಡಿಯಲ್ಲಿ ಅವರಿಗೆ ಒಂದು ಗಾಲ್ಫ್ ಕೋಲು, ಏಳು ಚೆಂಡು ಸಿಕ್ಕವು. ಮೆಣಸಿನಕಾಯಿ ಒಣಹಾಕುವ ಕಣದ ಪಕ್ಕದ ಬೋಳು ಹೊಲವೇ ಮೈದಾನ. ನೆಲದಲ್ಲಿ ಹುಗಿದ ಹಳೆಯ ಚೆಂಬೇ ಗುರಿ. ಈವರೆಗೆ ಆ ಚೆಂಬಿನೊಳಗೆ ಮಳೆನೀರು ಬಿಟ್ಟು ಬೇರೇನೂ ಬಿದ್ದಿಲ್ಲ.

"ಮಾಸ್ತರ್ರ, ನಿಮ್ಮ ಚೆಂಡು ನನ್ನ ಚೀಲದಾಗ ಸೇರಿ ಮಾಲಿನ ಜೋಡಿ ಹೋತಂದ್ರ ಹೆಂಗ್ರಿ?" ಎಂದು ಕಣದ ಯಜಮಾನರು ಒಮ್ಮೆ ಕೇಳಿದರು.

"ತೂಕಕ್ಕ ಛಲೋ ಆತಲ್ರಿ," ಎಂದರು ಕಾಕಾ.

ಆಟ ಹೇಗೇ ಇರಲಿ, ಏರ್ಪಾಡು ಮಾತ್ರ ಭಾರಿ. ಬೇಸಿಗೆಯಲ್ಲಿ ಟೊಪ್ಪಿಗೆಯೊಳಗೆ ಹಸಿ ಟವೆಲ್, ಝಳ ಬಡಿಯದಂತೆ ಕಿಸೆಯಲ್ಲಿ ಉಳ್ಳಾಗಡ್ಡಿ, ಸ್ಕೂಟರಿಗೆ ಕಟ್ಟಿದ ಕೊಡೆ, ಎರಡು ಬಾಟಲಿ ಮಜ್ಜಿಗೆ. ಚಳಿಗಾಲದಲ್ಲಿ ಮಂಗನಟೊಪ್ಪಿಗೆ, ಒಂದರ ಮೇಲೊಂದು ಸ್ವೆಟರ್. ಜೊತೆಗೆ ಚೆಂಡನ್ನು ಬಗಲಲ್ಲಿಟ್ಟು ಕಾಸುವ ಕಾರ್ಯಕ್ರಮ! "ಥಂಡ್ಯಾಗ ಚೆಂಡು ಬೆಚ್ಚಗಿದ್ರ ದೂರ ಹೋಗ್ತೈತಿ," ಎನ್ನುತ್ತಾರೆ. ಕೋಳಿಯೂ ಮೊಟ್ಟೆಯನ್ನು ಅಷ್ಟು ಕಾಳಜಿಯಿಂದ ಕಾಯಲಿಕ್ಕಿಲ್ಲ.

ಇಷ್ಟೇ ಆಗಿದ್ದರೆ ನನ್ನದೇನೂ ತಕರಾರಿರಲಿಲ್ಲ. ಆದರೆ ಆ ಚೆಂಡು ಹುಡುಕುವವರು ಯಾರು? ಕಾಕಾರ ಹೆಂಡತಿ, ನಮ್ಮ ಚಿಗವ್ವ! ಹೋದ ವರ್ಷ ಲಕ್ವಾ ಹೊಡೆದು ಆಕೆಯ ಎಡಗಾಲು ಎಳೆಯತೊಡಗಿತ್ತು. ದಿನಾ ನಡೆಯದಿದ್ದರೆ ಕಾಲು ಪೂರ್ತಿ ಹೋದೀತೆಂದು ಹಾವೇರಿಯ ಡಾಕ್ಟರು ಹೇಳಿದ್ದರು. ಚಿಗವ್ವ ಕೇಳಿದರೆ ತಾನೇ? "ಮನಿಗೆಲಸ ಬಿಟ್ಟು ಸುಮ್ನ ಅಡ್ಡ್ಯಾಡಾಕ ನನಗೇನ್ ಹುಚ್ಚ ಹಿಡದೈತೇನು? ಮಂದಿ ಏನ್ ಅಂದಾರು!" ಎಂದು ಕಟ್ಟೆಯ ಮೇಲೆ ಕುಳಿತವಳು ಏಳಲೇ ಇಲ್ಲ. ಅಂಥವಳೀಗ ಚೆಂಡಿಗಾಗಿ ಹೊಲ ಸುತ್ತುತ್ತಾಳೆ. "ಇವ್ರಿಗೆ ಕಣ್ಣ ಕಾಣೂದಿಲ್ಲ. ನಾ ಹೋಗಲಿಲ್ಲಂದ್ರ ಒಂದ್ ಚೆಂಡೂ ಉಳಿಯೂದಿಲ್ಲ," ಎಂದು ಬೈಯುತ್ತಲೇ ಹೋಗುತ್ತಾಳೆ.

ಮೊನ್ನೆ ಚಳಿಯಲ್ಲಿ ಇದನ್ನು ನೋಡಿ ನನಗೆ ಸಿಟ್ಟು ನೆತ್ತಿಗೇರಿತು. "ಕಾಲು ಬರದಾಕಿ ಕೈಲೆ ಚೆಂಡು ಹುಡುಕಸ್ತೀರಲ್ಲ ಕಾಕಾ, ನಾಚಿಕಿ ಅನಸೂದಿಲ್ಲೇನ್ರಿ?"

ಕಾಕಾ ಬಗಲಿನ ಚೆಂಡು ತೆಗೆದು ಹೊಡೆದರು. ಚೆಂಬು ಮೂಡಣಕ್ಕಿದ್ದರೆ ಚೆಂಡು ಪಡುವಣಕ್ಕೆ ಹೋಯಿತು. ಚಿಗವ್ವ ಸ್ಕೂಟರಿನ ಪಕ್ಕದಿಂದ ಏಳುವಷ್ಟರಲ್ಲಿ ನಾನೇ ಓಡಿ, ಬದುವಿನ ಹುಲ್ಲಿನಿಂದ ಚೆಂಡು ತಂದು ಕೊಟ್ಟೆ.

"ಅಲ್ಲೇ ಇಟ್ಟ್ ಬಾರೋ, ಲಗೂ! ಆಕಿ ಬರಾಕತ್ಯಾಳ," ಎಂದು ಪಿಸುಗುಟ್ಟಿದರು ಕಾಕಾ.

"ಯಾಕ್ರಿ?"

"ನಿನ್ನಿಗಿಂತ ಇವತ್ತು ಹತ್ತು ಮಾರು ದೂರ ಹೊಡದೇನಿ."

ನಾನು ಓಡಿಹೋಗಿ ಚೆಂಡನ್ನು ಹುಲ್ಲಿನಲ್ಲಿಟ್ಟೆ. ಚಿಗವ್ವ ಬಂದಳು. ಊರುಗೋಲನ್ನು ಸ್ಕೂಟರಿನ ಹತ್ತಿರವೇ ಬಿಟ್ಟುಬಂದಿದ್ದಳು. ಬಗ್ಗಿ ಹುಡುಕಿ, ಚೆಂಡನ್ನು ಎತ್ತಿ ಹಿಡಿದು ಕೂಗಿದಳು: "ಇಲ್ಲೇ ಐತ್ರೀ! ಇಷ್ಟೂ ಕಾಣೂದಿಲ್ಲೇನ್ರಿ ನಿಮಗ?"

"ಎಲ್ಲೇ? ನನಗೇನೂ ಕಾಣವಲ್ದು," ಎಂದರು ಕಾಕಾ.

ಆ ಹೊತ್ತು ಅವರಿಗೆ ಖರೇನೇ ಕಾಣುತ್ತಿರಲಿಲ್ಲ. ಕಣ್ಣು ತುಂಬಿ ಬಂದಿದ್ದವು.