ಎಲಿಫ್‌ನಲ್ಲಿ ಸಿಕ್ಕಿಬಿದ್ದ ಕೋಟು

ಟೈಲರಮ್ಮನನ್ನು ಕಟ್ಟಿಕೊಂಡವನಿಗೆ ಬಟ್ಟೆಯ ಚಿಂತೆಯಿಲ್ಲವೆಂದು ಲೋಕ ತಿಳಿದಿದೆ. ಇಂಥ ವಿಷಯಗಳಲ್ಲಿ ಲೋಕಕ್ಕೆ ಬುದ್ಧಿ ಸ್ವಲ್ಪ ಕಡಿಮೆ. ನನ್ನ ಹೆಂಡತಿ ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ಅರ್ಧ ಊರಿನ ಮಾನ ಅವಳ ಸೂಜಿಯ ಮೇಲೆ ನಿಂತಿದೆ. ನನ್ನ ಅಂಗಿಯ ಎರಡನೆಯ ಗುಂಡಿ ಮಾತ್ರ ಇತಿಹಾಸ ಸೇರಿ ಬಹಳ ಕಾಲವಾಯಿತು. (ಅದಿದ್ದ ಜಾಗದಲ್ಲಿ ಈಗ ಒಂದು ಪಿನ್ನು ಹಂಗಾಮಿಯಾಗಿ ಅಧಿಕಾರ ನಡೆಸುತ್ತಿದೆ.)

ಈ ಸಲ ಪಿನ್ನಿನಿಂದ ಕೆಲಸ ಸಾಗುವಂತಿರಲಿಲ್ಲ. ರೈಲ್ವೆ ಟಿಕೆಟ್ ಕೌಂಟರಿನಲ್ಲಿ ನನ್ನ ಜೊತೆ ಸವೆದ ಹಳಬರೆಲ್ಲ ಭಾನುವಾರ ಒಂದೆಡೆ ಸೇರುವವರಿದ್ದರು. ಸ್ವಾಗತ ಭಾಷಣ ನನ್ನದು. ವೇದಿಕೆಗೆ ಕೋಟು ಬೇಕು. ಕೋಟೇನೋ ಇತ್ತು, ಆದರೆ ನಿವೃತ್ತಿಯಾದ ಮೇಲೆ ನನ್ನ ಹೊಟ್ಟೆ ಸ್ವಾತಂತ್ರ್ಯ ಘೋಷಿಸಿಕೊಂಡು, ಗುಂಡಿಗೂ ಕಾಜಾಕ್ಕೂ ನಡುವೆ ಒಂದು ಬಸ್ಸು ಧಾರಾಳವಾಗಿ ತಿರುಗಿಸುವಷ್ಟು ಬಯಲು ಬಿದ್ದಿತ್ತು. ಪಾರ್ಸೆಲ್ ವಿಭಾಗದ 'ಕಡ್ಡಿ' (ಪಾಪಿ, ಈಗಲೂ ಕಡ್ಡಿಯ ಹಾಗೆಯೇ ಇದ್ದಾನಂತೆ) ಮೊದಲ ಸಾಲಿನಲ್ಲಿ ಕೂತು ನನ್ನ ಹೊಟ್ಟೆ ನೋಡಿ ಹಲ್ಲು ಕಿಸಿಯುವುದನ್ನು ನೆನೆದರೇ ಭಾಷಣ ಮರೆತುಹೋಗುತ್ತಿತ್ತು.

ಕೋಟನ್ನು ಸೋಮವಾರವೇ ಹೆಂಡತಿಯ ಕೈಗೆ ಕೊಟ್ಟೆ. ಬಿಚ್ಚಿ ಸಡಿಲ ಮಾಡಿಕೊಡು ಎಂದೆ. "ಮಾಡೋಣ" ಎಂದಳು. ನಮ್ಮ ಮನೆಯಲ್ಲಿ 'ಮಾಡೋಣ' ಎಂದರೆ ಈ ಶತಮಾನದೊಳಗೆ ಎಂದರ್ಥ. ಅವಳ ಅಂಗಡಿಯಲ್ಲಿ ಯಾರು ಹೆಚ್ಚು ಕೂಗಾಡುತ್ತಾರೋ ಅವರ ಬಟ್ಟೆ ಮೊದಲು. ಅವಳ ಮುಂದೆ ಕೂಗಾಡುವ ಎದೆಗಾರಿಕೆ ನನಗಿದ್ದಿದ್ದರೆ ಹೊಟ್ಟೆಯ ಬದಲು ಎದೆಯೇ ಬೆಳೆದಿರುತ್ತಿತ್ತು.

ಆಗ ಹೊಳೆಯಿತು: ಸರದಿ! ಜೀವಮಾನವಿಡೀ ಸರದಿಯ ಸಾಲುಗಳನ್ನು ಕಿಟಕಿಯಿಂದ ಆಳಿದವನು ನಾನು. ಮಗಳು ಕಾಲೇಜಿನಲ್ಲಿ ಹೊಸಬರಿಗೆ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿಸುತ್ತಾಳೆ. ಅವಳ ಹಳೆಯ ಕಂಪ್ಯೂಟರ್ ಮೂಲೆಯಲ್ಲಿತ್ತು. ಮುಂದೆ ಯಾವ ಬಟ್ಟೆ ಹೊಲಿಯಬೇಕೆಂದು ತಾನೇ ಹೇಳುವ ಪ್ರೋಗ್ರಾಮೊಂದನ್ನು ಬರೆಯುತ್ತೇನೆ, ನಿನ್ನ ತಲೆನೋವೆಲ್ಲ ಹೋಗುತ್ತದೆ ಎಂದು ಹೆಂಡತಿಗೆ ಸಾರಿದೆ. (ಕೋಟಿನ ಸುದ್ದಿಯನ್ನು ಎತ್ತಲಿಲ್ಲ. ಮಹಾಕಾರ್ಯಗಳಲ್ಲಿ ಸ್ವಾರ್ಥದ ಮಾತು ಶೋಭಿಸುವುದಿಲ್ಲ.)

ಮಂಗಳವಾರ 'ಮುಂದೇನು' ಎಂಬ ಫಂಕ್ಷನ್ (ಅಂದರೆ ಹೆಸರಿಟ್ಟು ಕಟ್ಟಿದ ಆಜ್ಞೆಗಳ ಗಂಟು) ಬರೆದು ಗುಂಡಿ ಒತ್ತಿದೆ. ಪರದೆ ಸನ್ಯಾಸಿಯ ಹಾಗೆ ಮೌನವಾಗಿತ್ತು. ಮತ್ತೆ ಒತ್ತಿದೆ, ತಟ್ಟಿದೆ, ಬೈದೆ. ಮಗಳು ಬಂದು ನೋಡಿ, ಫಂಕ್ಷನ್ನನ್ನು ಬರೆದಿದ್ದೀರಿ, ಕರೆದೇ ಇಲ್ಲ, ಹೆಸರು ಹೇಳಿ ಕರೆಯುವ ತನಕ ಅದು ಏಳುವುದಿಲ್ಲ ಎಂದಳು. ಕರೆದರೂ ಏಳದವರ ನಡುವೆ ಬಾಳಿದವನಿಗೆ ಇದು ಹೇಗೆ ಹೊಳೆಯಬೇಕು? ಕರೆದೆ. 'ನನ್' ಎಂಬ ಉತ್ತರ ಬಂತು. ಏನೂ ಇಲ್ಲ ಎಂದು ಅದರ ಅರ್ಥವಂತೆ. ಲೆಕ್ಕವನ್ನೆಲ್ಲ ಫಂಕ್ಷನ್ ಒಳಗೊಳಗೇ ಮಾಡಿ ಮುಗಿಸಿತ್ತು, 'ರಿಟರ್ನ್' ಎಂದು ನಾನು ಬರೆಯದ ಕಾರಣ ಹೊರಗೆ ಕೊಡಲಿಲ್ಲ. ಅದೂ ಸರಿಹೋಯಿತು.

ಮೂರನೆಯದು ಮರ್ಯಾದೆಗೇಡು. ಬಟ್ಟೆ ಬೇಕಾದ ದಿನ ಗುರುವಾರ ಅಥವಾ ಶುಕ್ರವಾರವಾದರೆ 'ತುರ್ತು' ಎನ್ನು, ಎಂದು ಬರೆದಿದ್ದೆ. ಕಂಪ್ಯೂಟರು ಅಂಗಡಿಯಲ್ಲಿದ್ದ ಸಮಸ್ತವನ್ನೂ ತುರ್ತು ಎಂದಿತು. ಪಕ್ಕದ ಮನೆಯ ಹಲ್ಲಿನ ಡಾಕ್ಟರು ಕೊಟ್ಟು ಮರೆತೇಬಿಟ್ಟಿದ್ದ ಪರದೆ ಬಟ್ಟೆಯೂ ತುರ್ತು.

"ಅಪ್ಪ, ದಿನ ಗುರುವಾರವೇ ಅಂತ ಕೇಳಿದೀರಿ. ಆಮೇಲೆ 'ಅಥವಾ' ಅನ್ನೋಕೆ 'ಆರ್' ಹಾಕಿ ಬರೀ ಶುಕ್ರವಾರ ಅಂತ ಬರೆದಿದೀರಿ. ಬರೀ ಹೆಸರು ಇಟ್ರೆ ಅದಕ್ಕೆ ಯಾವಾಗ್ಲೂ ಹೌದು ಅಂತಾನೇ ಲೆಕ್ಕ. ಎರಡು ಸಲಾನೂ ಪ್ರಶ್ನೆ ಪೂರ್ತಿ ಕೇಳ್ಬೇಕು" ಎಂದು, ನಪಾಸಾದವರಿಗೆ ಮೀಸಲಾದ ದನಿಯಲ್ಲಿ ಮಗಳು ಹೇಳಿದಳು. ಬಾಗಿಲಲ್ಲಿ ನಿಂತಿದ್ದ ಇಬ್ಬರು ಗಿರಾಕಿಗಳು ನಕ್ಕರು.

ಇನ್ನು ಇವಳಿಗೆ ತೋರಿಸಿದರೆ ಕೇಳಿ ಎಂದು ಶಪಥ ಮಾಡಿದೆ. ಬುಧವಾರ ಬಾಗಿಲು ಹಾಕಿಕೊಂಡು, ದಿನಗಳ ರಗಳೆಯನ್ನೆಲ್ಲ ಕಿತ್ತೆಸೆದು, ಹೊಸದಾಗಿ ಬರೆದೆ. ಹೆಂಡತಿಯ ಮನಸ್ಸು ಗೆಲ್ಲಲು ಮೇಲುಗಡೆ: ಗಿರಾಕಿಯ ಬಟ್ಟೆ ಇದ್ದರೆ, ಮೊದಲು ಬಂದದ್ದನ್ನು ಹೊಲಿ. ಅದರ ಕೆಳಗೆ, ಮೆಲ್ಲಗೆ, 'ಎಲಿಫ್' ಎಂಬ ಪೈಥಾನ್ ಪದ ಹಾಕಿ: ಮನೆಯವರ ಕೋಟು ಇದ್ದರೆ, ಅದನ್ನು ಹೊಲಿ. ಮೊದಲನೆಯವನು ಟಿಕೆಟ್ ತೆಗೆದುಕೊಂಡು ಹೋದ ಮೇಲೆ ಎರಡನೆಯವನು ಕಿಟಕಿಗೆ ಬರಲೇಬೇಕಲ್ಲ! ಒಂದು ಗಿರಾಕಿ ಬಟ್ಟೆ, ಆಮೇಲೆ ನನ್ನ ಕೋಟು. ನ್ಯಾಯವೂ ಆಯಿತು, ಕೋಟೂ ಆಯಿತು.

ಒತ್ತಿದೆ. ಒಂದೂ ದೋಷವಿಲ್ಲದೆ ಓಡಿತು. ಇನ್ನು ಮುಂದೆ ಇದು ಹೇಳಿದ್ದನ್ನೇ ಹೊಲಿಯತಕ್ಕದ್ದು ಎಂದು ಹೆಂಡತಿಗೆ ಆಜ್ಞಾಪಿಸಿ, ಎರಡು ದಿನ ಹಾಯಾಗಿ ಭಾಷಣ ಬಾಯಿಪಾಠ ಮಾಡಿದೆ.

ಶನಿವಾರ ಬೆಳಿಗ್ಗೆ ನೋಡಿದರೆ ಕೋಟು ಸೋಮವಾರ ತೂಗುಹಾಕಿದ್ದ ಮೊಳೆಯಲ್ಲೇ ತೂಗುತ್ತಿತ್ತು. ಒಂದು ದಾರವೂ ಬಿಚ್ಚಿರಲಿಲ್ಲ.

"ನಾನೇನ್ರೀ ಮಾಡ್ಲಿ" ಎಂದಳು ಹೆಂಡತಿ, ಮಿಷನ್ ನಿಲ್ಲಿಸದೆ. "ಬುಧವಾರ ನಿಮ್ಮ ಕೋಟು ಬಿಚ್ಚೋಣ ಅಂತ ಕತ್ತರಿ ಕೈಗೆ ತಗೊಂಡಿದ್ದೆ. ಅಷ್ಟರಲ್ಲಿ ನೀವೇ ಬಂದು, ಕಂಪ್ಯೂಟರ್ ಹೇಳಿದ್ದೇ ಹೊಲೀಬೇಕು ಅಂದ್ರಿ. ಕೇಳ್ದಾಗೆಲ್ಲ ಅದು ಗಿರಾಕಿ ಬಟ್ಟೇನೇ ಹೇಳ್ತು. ಕತ್ತರಿ ಇಟ್ಬಿಟ್ಟೆ."

ಶಪಥ ಮುರಿದು ಮಗಳನ್ನು ಕರೆದೆ. ಈ ಸಲ ಅವಳು ಬಯ್ಯಲಿಲ್ಲ, ಕನಿಕರಪಟ್ಟಳು. ಅದು ಇನ್ನೂ ಕೆಟ್ಟದ್ದು.

"ಎಲಿಫ್ ಅಂದ್ರೆ ಸರದಿ ಅಲ್ಲ ಅಪ್ಪ, 'ಅದಿಲ್ಲದಿದ್ರೆ ಇದು' ಅಂತ. ಮೇಲಿನ ಷರತ್ತು ನಿಜ ಆದ್ರೆ ಕೆಳಗಿನದನ್ನ ಅದು ನೋಡೋದೇ ಇಲ್ಲ. ಪ್ರತಿ ಸಲ ಕರೆದಾಗ್ಲೂ ಮೊದಲಿಂದ ಶುರು. ಅಮ್ಮನ ಹತ್ರ ಗಿರಾಕಿ ಬಟ್ಟೆ ಖಾಲಿ ಆಗೋ ದಿನ ನಿಮ್ಮ ಕೋಟಿನ ದಿನ."

ಖಾಲಿಯಾಗುವುದು ಪ್ರಳಯದ ಮಾರನೆಯ ದಿನ. ಹಾಗಾದರೆ ಆ ಎರಡು ಸಾಲನ್ನು ಮೇಲೆ ಕೆಳಗೆ ಮಾಡಿಬಿಡೋಣ ಎಂದು ಕೈ ಚಾಚಿದೆ. ಮಿಷನ್ ನಿಂತಿತು.

"ಅದನ್ನ ಮುಟ್ಟಬೇಡಿ" ಎಂದಳು ಹೆಂಡತಿ. "ಅಂಗಡಿ ಇಟ್ಟಾಗಿನಿಂದ ಮೊದಲನೇ ಸಲ ಯಾರೂ ಜಗಳ ಆಡದೆ ಬಟ್ಟೆ ತಗೊಂಡು ಹೋಗ್ತಿದಾರೆ. ಗಿರಾಕಿಗಳೇ ಮೊದಲು ಅಂತ ಬರೆದಿದ್ದು ನೀವೇ ತಾನೆ?"

ಗಿರಾಕಿಗಳೇ ಮೊದಲು! ತಲೆಯಲ್ಲಿ ದೀಪ ಹತ್ತಿತು. ಕೋಟನ್ನು ಚೀಲಕ್ಕೆ ತುರುಕಿ, ಚಪ್ಪಲಿ ಮೆಟ್ಟಿ, ಬೀದಿಗಿಳಿದು, ಒಂದು ಸುತ್ತು ಹಾಕಿ ಬಂದು ನನ್ನದೇ ಬಾಗಿಲ ಬೆಲ್ ಒತ್ತಿದೆ. ಬಟ್ಟೆ ಕೊಡಲು ಬಂದಿದ್ದೇನೆ, ನಾನೂ ಗಿರಾಕಿಯೇ ಎಂದೆ. ಅವಳು ಹುಬ್ಬು ಕೂಡ ಏರಿಸಲಿಲ್ಲ.

"ಬನ್ನಿ ಸರ್, ಕೈ ಮೇಲೆತ್ತಿ" ಎಂದು ಟೇಪು ಸುತ್ತಿದಳು. ಟೇಪು ಸಾಲದೆ ಇನ್ನೊಂದನ್ನು ಜೋಡಿಸಿದಳು. ಬಂದ ಅಳತೆಯನ್ನು, ಕೂತಿದ್ದ ಗಿರಾಕಿಗಳೂ ಹಲ್ಲಿನ ಡಾಕ್ಟರೂ ಕೇಳುವ ಹಾಗೆ, ಗಟ್ಟಿಯಾಗಿ ಓದಿದಳು. ಮಗಳು ಅದನ್ನು ಕಂಪ್ಯೂಟರಿಗೆ ಹಾಕಿ 'ಮುಂದೇನು' ಎಂದು ಕರೆದಳು. ಮೊದಲು ಬಂದದ್ದು ಮೊದಲು. ನನ್ನ ಮುಂದೆ ಅರ್ಧ ಊರು ನಿಂತಿತ್ತು.

"ಬರೋ ವಾರ ಬಂದು ವಿಚಾರಿಸಿ ಸರ್" ಎಂದಳು ಹೆಂಡತಿ, ಬಹಳ ಮರ್ಯಾದೆಯಿಂದ. ಆಮೇಲೆ ಗೋಡೆಯ ಗಡಿಯಾರ ನೋಡಿದಳು. "ಈಗ ನಮ್ಮ ಮನೆಯವರ ಊಟದ ಹೊತ್ತು. ಗಿರಾಕಿಗಳೆಲ್ಲ ಸಂಜೆ ಬನ್ನಿ."

ಮಿಕ್ಕ ಗಿರಾಕಿಗಳ ಜೊತೆ ನನ್ನನ್ನೂ ಮೆಟ್ಟಿಲಿಳಿಸಿ, ಬಾಗಿಲು ಹಾಕಿ, ಒಳಗಿನಿಂದ ಚಿಲಕ ಸರಿಸಿದಳು.