ಓರೆಗೀಟಿನ ಮುಂದಿನ ಹೆಸರು

ವ್ಯಾಪಾರಕ್ಕೆ ಕೂತವರು ಗಿರಾಕಿಗೆ ಎರಡು ಹೆಸರಿಡಲೇಬೇಕಾಗುತ್ತದೆ: ಎದುರಿಗೆ ಕರೆಯಲು ಒಂದು, ಹಿಂದೆ ಗುರುತಿಗೆ ಒಂದು. ಇದರಲ್ಲಿ ಕೆಟ್ಟ ಬುದ್ಧಿಯೇನಿಲ್ಲ. ಬಾಡಿಗೆ ಕುರ್ಚಿಗಳನ್ನು ತಲೆಯ ಮೇಲೆ ಹೊತ್ತು ಶುರುಮಾಡಿ, ಇವತ್ತು ಬಂಗಾರಪೇಟೆಯಲ್ಲಿ ‘ರತ್ನಮ್ಮ ಶಾಮಿಯಾನ’ ಎಂದು ಬೋರ್ಡು ಹಾಕಿಕೊಂಡವಳು ನಾನು. ನನ್ನ ಫೋನಿನಲ್ಲಿ ನಾರಾಯಣಪ್ಪಗಳದ್ದೇ ಒಂದು ಹಿಂಡಿದೆ. ಡೈರಿ ನಾರಾಯಣಪ್ಪ, ಮಾರಿಕುಪ್ಪಂ ರೈಲು ನಾರಾಯಣಪ್ಪ, ಜುಗ್ಗ ನಾರಾಯಣಪ್ಪ ಎಂದು ಬರೆದುಕೊಳ್ಳದೆ ಬದುಕುವುದು ಹೇಗೆ?

ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವ ತಂಗಿಯ ಮಗಳು ಕವಿತಾ ನನ್ನ ಅಂಗಡಿಗೊಂದು ವೆಬ್‌ಸೈಟ್ ಮಾಡಿಕೊಟ್ಟಳು. ಅದರ ವಿಳಾಸದ ಕೊನೆಯಲ್ಲಿರುವ, ಸ್ಲ್ಯಾಶ್ ಎನ್ನುವ ಓರೆಗೀಟಿನ ಮುಂದೆ ಯಾವ ಹೆಸರು ಹಾಕಿದರೂ, ಪುಟ ತೆರೆದು ಆ ಹೆಸರಿಗೇ “ಬನ್ನಿ” ಎಂದು ದಪ್ಪಕ್ಷರದಲ್ಲಿ ಉಪಚಾರ ಮಾಡುತ್ತದೆ. ಉಪಚಾರ ಮಾಡಿಸಿಕೊಂಡವನು ಚೌಕಾಸಿಗೆ ನಾಚುತ್ತಾನೆಂಬುದು ನನ್ನ ಎಣಿಕೆ. ಫೋನಿನಿಂದ ಹೆಸರು ಎತ್ತಿ ಅಂಟಿಸುತ್ತಿದ್ದೆ, ಕಳಿಸುತ್ತಿದ್ದೆ. ಕನ್ನಡ ಅಂಟಿಸಿದ ಕೂಡಲೇ ಅದು ಶೇಕಡಾ ಗುರುತು, ಅಂಕೆಗಳ ಬಳ್ಳಿಯಾಗಿಬಿಡುತ್ತದೆ. ಹೋದದ್ದೇನೆಂದು ಕಳಿಸಿದವರಿಗೇ ತಿಳಿಯದು.

ಹೀಗಿರುವಾಗ ಜುಗ್ಗ ನಾರಾಯಣಪ್ಪನ ಮಗಳ ಮದುವೆಯ ಆರ್ಡರ್ ಇನ್ನೇನು ಕೈಗೆ ಬರುವುದರಲ್ಲಿತ್ತು. ಆತ ನಾನು ಕಳಿಸಿದ ವಿಳಾಸವನ್ನು ತೆರೆದೂ ನೋಡದೆ ಕೋರಮಂಡಲ್‌ನ ಬೀಗರಿಗೂ ದಾಟಿಸಿ, ಶಾಮಿಯಾನದ ಬಣ್ಣ ನೀವೇ ಆರಿಸಿ ಎಂದು ದೊಡ್ಡಸ್ತಿಕೆ ತೋರಿಸಿದ್ದನಂತೆ. ಮಧ್ಯಾಹ್ನ ಅಂಗಡಿಗೆ ಬಂದು ನಿಂತ.

“ಏನಕ್ಕಾ, ಬೀಗ್ರ ಮನೇಲಿ ನನ್ನ ಜುಗ್ಗ ನಾರಾಯಣಪ್ಪೋರೇ ಅಂತ ಕರೀತಾವ್ರೆ. ಶಾಮಿಯಾನ ಬ್ಯಾರೆ ಕಡೆ ನೋಡ್ಕೊತೀನಿ ಬುಡು.”

ನಾನು ಬಿಡುವ ಪೈಕಿಯೇ? ಯಂತ್ರಕ್ಕೆ ಒಳ್ಳೆಯದು ಕೆಟ್ಟದ್ದು ತಿಳಿಯದು, ಏನು ಕೊಟ್ಟರೂ ಓದುತ್ತದೆ, ಬೇಕಿದ್ದರೆ ನೀನೇ ಬರೆದು ನೋಡು ಎಂದೆ. ಆತ ನಿಧಾನವಾಗಿ ಬೆರಳಾಡಿಸಿ ಫೋನನ್ನು ನನ್ನತ್ತ ತಿರುಗಿಸಿದ.

“ಬನ್ನಿ, ಸವಕಲು ಜಮಖಾನ ರತ್ನಮ್ಮ ಅವರೇ.”

ಯಾರಿಟ್ಟ ಹೆಸರೆಂದು ಕೇಳಿದೆ.

“ನಾನಲ್ಲಕ್ಕಾ. ನಮ್ಮೂರಾಗೆ ಎಲ್ರೂ ಅಂಗೇ ಅನ್ನೋದು.”

ಅಲ್ಲೇ ಮಾತಿಗೆ ಕೂತೆವು. ನನ್ನ ಫೋನಿನಿಂದ ‘ಜುಗ್ಗ’ ಅಳಿಯಬೇಕು, ಮದುವೆಗೆ ಹೊಸ ಜಮಖಾನ ಹಾಸಬೇಕು, ಇದು ಅವನ ಕರಾರು. ಆರ್ಡರ್ ನನಗೇ ಸಿಗಬೇಕು, ಅವನ ಊರಿನ ಬಾಯಿಂದ ನನ್ನ ಜಮಖಾನ ಹೋಗಬೇಕು, ಇದು ನನ್ನದು. ಇಬ್ಬರೂ ಒಪ್ಪಿದೆವು. ನೀವೂ ಯಾರಿಗಾದರೂ ಇಂಥ ವಿಳಾಸ ಕಳಿಸುವ ಮುಂಚೆ ಒಮ್ಮೆ ತೆರೆದು ನೋಡಿ. ಈ ಬುದ್ಧಿಮಾತಿಗೆ ನಾನು ಬಾಡಿಗೆ ಕೇಳುವುದಿಲ್ಲ.

ಮದುವೆ ಚೆನ್ನಾಗಿ ಆಯಿತು. ಬೀಗರು ಹೊಸ ಜಮಖಾನವನ್ನು ಸವರಿ ನೋಡಿ ಕೂತರು. ಆಮೇಲೊಂದು ದಿನ ನಾರಾಯಣಪ್ಪನ ಊರಿನವರೊಬ್ಬರು ನಾಮಕರಣಕ್ಕೆ ಕುರ್ಚಿ ಬೇಕೆಂದು, ನಮ್ಮದೇ ವಿಳಾಸಕ್ಕೆ ನನ್ನ ಹೆಸರು ಸೇರಿಸಿ ಕಳಿಸಿದರು. ಆಸೆಯಿಂದ ತೆರೆದೆ. ಒಪ್ಪಿದ ಮಾತಿಗೆ ಊರು ತಪ್ಪಿರಲಿಲ್ಲ, ಜಮಖಾನ ಹೋಗಿತ್ತು.

“ಬನ್ನಿ, ಸವಕಲು ರತ್ನಮ್ಮ ಅವರೇ.”