ಎಂಟು ನಿಮಿಷ ಮುಂಚೆ ಹೊರಟ ಬುಗ್ಗೆಯವರಿಗೆ

ಗೆ,
ಶ್ರೀ ಓಲ್ಡ್ ಫೇತ್‌ಫುಲ್ ಬಿಸಿನೀರಿನ ಬುಗ್ಗೆಯವರು,
ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನ, ಅಮೆರಿಕ.

ಇವರ ಸನ್ನಿಧಾನಕ್ಕೆ ಮಂಡ್ಯ ಜಿಲ್ಲೆ ಮಳವಳ್ಳಿ ಟೌನ್ ವಾಸಿ, ನಿವೃತ್ತ ಬಸ್ ಏಜೆಂಟ್ ಪುಟ್ಟಮಾದಯ್ಯ ದೂರದಿಂದಲೇ ಮಾಡುವ ನಮಸ್ಕಾರಗಳು.

ಮಾನ್ಯರೇ,

ಇಲ್ಲಿ ನಾವು ಕ್ಷೇಮ. ತಾವೂ, ತಮ್ಮ ಪರಿವಾರದ ಕುದಿಯುವ ಹೊಂಡಗಳೂ, ಗೊಳಗೊಳ ಅನ್ನುವ ಕೆಸರು ಗುಂಡಿಗಳೂ, ಸುತ್ತ ಮೇಯುವ ಕಾಡುಕೋಣಗಳೂ ಕ್ಷೇಮವೆಂದು ನಂಬಿದ್ದೇನೆ. ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ತಾವು ಒಂದೂವರೆ ಗಂಟೆಗೊಮ್ಮೆ ಹೊಟ್ಟೆಯಲ್ಲಿರುವುದನ್ನೆಲ್ಲ ಆಕಾಶಕ್ಕೆ ಎಸೆಯುವ ಸ್ವಭಾವದವರು, ಖಾಸಗಿಯಾಗಿ ಬರೆದರೆ ನನ್ನ ದೂರೂ ಅದರ ಜೊತೆಗೇ ಹೋದೀತೆಂಬ ಭಯದಿಂದ ಹೀಗೆ ಮಾಡಬೇಕಾಯಿತು.

ಮೊದಲು ನನ್ನ ಪರಿಚಯ. ಇಪ್ಪತ್ತೊಂಬತ್ತು ವರ್ಷ ನಾನು ಮಳವಳ್ಳಿಯಲ್ಲಿ ಖಾಸಗಿ ಬಸ್ಸುಗಳ ಏಜೆಂಟನಾಗಿದ್ದೆ. ಏಜೆಂಟ್ ಎಂದರೆ ಕುರ್ಚಿಯ ಮೇಲೆ ಕೂರುವವನಲ್ಲ. ‘ಕಿರುಗಾವ್ಲು, ಬನ್ನೂರು, ಮೈಸೂರ್ ಮೈಸೂರ್ ಮೈಸೂರ್’ ಎಂದು ಗಂಟಲು ಹರಿದುಕೊಂಡು ಜನ ಹತ್ತಿಸಿ, ಗಡಿಯಾರ ನೋಡಿ ಸೀಟಿ ಊದಿ ಗಾಡಿ ಬಿಡುವವನು. ನಮ್ಮ ಕಸುಬಿನಲ್ಲಿ ಗಾಡಿ ತಡವಾಗಿ ಹೊರಟರೆ ಬೈಗುಳ, ಮುಂಚೆ ಹೊರಟರೆ ಹೊಡೆದಾಟ. ತಡವಾದ ಗಾಡಿಯನ್ನು ಕಾದವರು ಕೊನೆಗಾದರೂ ಹತ್ತುತ್ತಾರೆ, ಮುಂಚೆ ಹೊರಟ ಗಾಡಿಯನ್ನು ನಂಬಿ ಬಂದವರ ಗತಿ ಏನು ಸ್ವಾಮಿ? ಒಮ್ಮೆ ನಮ್ಮ ಮೈಸೂರು ಗಾಡಿ ಎರಡೇ ಎರಡು ನಿಮಿಷ ಮುಂಚೆ ಹೊರಟಿತೆಂದು ನಮಗಿಂತ ಮೊದಲು ಹೊರಟ ಗಾಡಿಯ ಏಜೆಂಟ್ ಕೆಂಪಸಿದ್ದಯ್ಯ, ದಾರಿಯಲ್ಲಿನ ಅವನ ಜನರನ್ನೆಲ್ಲ ನಾವು ಹತ್ತಿಸಿಕೊಳ್ಳುತ್ತೇವೆಂದು, ನನ್ನ ಕೊರಳಪಟ್ಟಿ ಹಿಡಿದು, ‘ನಿಮ್ಮಪ್ಪನ ಮನೆ ಗಡಿಯಾರವೇನ್ಲಾ ಇದು?’ ಎಂದು ಕೇಳಿದ್ದ. ಅದೇ ಪ್ರಶ್ನೆಯನ್ನು ಸಕಲ ಗೌರವಗಳೊಂದಿಗೆ ತಮಗೆ ವರ್ಗಾಯಿಸುತ್ತಿದ್ದೇನೆ.

ನನ್ನ ಹೆಂಡತಿ ಕುಸುಮ ಕಿರುಗಾವಲಿನ ಹೈಸ್ಕೂಲಿನಲ್ಲಿ ಮೂವತ್ತೆರಡು ವರ್ಷ ಸಮಾಜ ವಿಜ್ಞಾನ ಹೇಳಿಕೊಟ್ಟವಳು. ಪ್ರತಿ ವರ್ಷ ಭೂಗೋಳದ ಪಾಠದಲ್ಲಿ ತಮ್ಮ ಚಿತ್ರ ಬರೆಯುತ್ತಿದ್ದಳು. ಕೆಳಗೆ ಕಾದ ಬಂಡೆ, ಅದರ ಮೇಲೆ ನೀರು, ನೀರಿಗೊಂದು ಇಕ್ಕಟ್ಟಾದ ಕೊಳವೆ, ಕೊಳವೆಯ ಬಾಯಿಂದ ನೀಲಿ ಸೀಮೆಸುಣ್ಣದಲ್ಲಿ ಚಿಮ್ಮುವ ತಾವು. ಪ್ರತಿ ವರ್ಷವೂ ಯಾವುದಾದರೊಂದು ಮಗು ಎದ್ದು ನಿಂತು, ‘ಮಿಸ್, ಇದ್ನ ನೀವು ನೋಡಿದ್ದೀರಾ?’ ಎಂದು ಕೇಳುತ್ತಿತ್ತು, ಇವಳು ಇಲ್ಲ ಅನ್ನುತ್ತಿದ್ದಳು. ನಿವೃತ್ತಿಯ ದಿನ ಕೊರಳಲ್ಲಿ ಹಾರ ಹಾಕಿಕೊಂಡು ನಿಂತಿದ್ದಾಗಲೂ ಎಂಟನೇ ಕ್ಲಾಸಿನ ದೀಪಿಕ ಎಂಬ ಹುಡುಗಿ ಅದನ್ನೇ ಕೇಳಿದಳು. ‘ನೋಡ್ಕೊಂಡು ಬಂದು ನಿಮಗೆ ಹೇಳ್ತೀನಿ’ ಎಂದು ಕುಸುಮ ಎಲ್ಲರೆದುರಿಗೆ ಮಾತು ಕೊಟ್ಟಳು. ಆ ಮಾತಿಗಾಗಿಯೇ ಮಂಡ್ಯದಿಂದ ಹೊರಡುವ ಹದಿನಾರು ದಿನದ ಪ್ರವಾಸಕ್ಕೆ ನಮ್ಮಿಬ್ಬರ ಹೆಸರು ಬರೆಸಿದಳು. ನಾನು ಹೋದದ್ದು ಅವಳ ಬ್ಯಾಗು ಹಿಡಿಯಲು.

ತಮ್ಮ ಬಳಿಗೆ ಬರುವ ಮುನ್ನ ತಮ್ಮ ಬಂಧುಬಳಗವನ್ನೆಲ್ಲ ಕಂಡು ಬಂದೆವು. ನ್ಯೂಯಾರ್ಕಿನಲ್ಲಿ ನೀರಿನ ನಡುವೆ ಭಾರೀ ಹೆಂಗಸೊಬ್ಬಳು ನೂರಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕೈ ಎತ್ತಿ ನಿಂತಿದ್ದಾಳೆ, ಆ ದೇಶದ ಒಂದು ಗಾಡಿಯೂ ನಿಲ್ಲಿಸಿ ಹತ್ತಿಸಿಕೊಂಡಿಲ್ಲ. ನಮ್ಮ ಕಡೆಯಾಗಿದ್ದರೆ ಡ್ರೈವರಿಗೆ ಒದೆ ಬೀಳುತ್ತಿತ್ತು. ನಯಾಗರದಲ್ಲಿ ನೆನೆಯಲೆಂದೇ ಕರೆದುಕೊಂಡು ಹೋಗಿ, ನೆನೆಯದ ಹಾಗೆ ಪ್ಲಾಸ್ಟಿಕ್ ಕೋಟು ತೊಡಿಸಿದರು. ಪಕ್ಕದ ದೇಶದ ಕ್ವಿಬೆಕ್ ಎಂಬ ಪಟ್ಟಣದ ಕೋಟೆಗೋಡೆಯ ಮೇಲೆ ನಡೆಸಿ, ಇದು ನಾನೂರು ವರ್ಷದ ಊರೆಂದು ಉಸಿರು ಬಿಗಿಹಿಡಿದು ಹೇಳಿದರು. ನಮ್ಮಲ್ಲಿ ಅದಕ್ಕಿಂತ ಹಳೆಯ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಾರೆ. ಗ್ರ್ಯಾಂಡ್ ಕ್ಯಾನ್ಯನ್ ಎಂಬಲ್ಲಿ ಮೈಲಿಗಟ್ಟಲೆ ಹಳ್ಳವೊಂದನ್ನು ಸೇತುವೆ ಕಟ್ಟದೆ ಹಾಗೇ ಬಿಟ್ಟು, ನೋಡಲು ಜನರನ್ನು ಕರೆಯುತ್ತಾರೆ. ಅಷ್ಟು ಧೈರ್ಯ ನಮ್ಮ ಯಾವ ಪಂಚಾಯ್ತಿಗೂ ಬಂದಿಲ್ಲ. ಇವನ್ನೆಲ್ಲ ಕುಸುಮ ಊರಿನ ಬಸ್ಸಿನ ಕಿಟಕಿಯಿಂದ ಕಬ್ಬಿನ ಗದ್ದೆ ನೋಡುವ ಹಾಗೆ ನೋಡಿದಳು. ಅವಳ ಮನಸ್ಸೆಲ್ಲ ಹನ್ನೆರಡನೆಯ ದಿನದ ಮೇಲಿತ್ತು, ಆ ದಿನದ ಕಾರ್ಯಕ್ರಮ ತಾವು.

ಆ ದಿನ ಹನ್ನೊಂದು ಗಂಟೆಗೆ ತಮ್ಮ ಸನ್ನಿಧಾನ ತಲುಪಿದೆವು. ತಮ್ಮ ಹೆಸರಿಗೆ ಹಳೆಯ ನಂಬಿಗಸ್ತ ಎಂದು ಅರ್ಥವೆಂದು ಕುಸುಮ ದಾರಿಯಲ್ಲೇ ಹೇಳಿದ್ದಳು. ಬೋರ್ಡಿನ ಮೇಲೆ ಹನ್ನೊಂದು ಐವತ್ತೆರಡು ಎಂದು ತಮ್ಮ ಸಮಯ ಬರೆದು, ಪಕ್ಕದಲ್ಲಿ ಪ್ಲಸ್ ಮೈನಸ್ ಹತ್ತು ನಿಮಿಷ ಎಂದು ಸೇರಿಸಿದ್ದರು. ಆಹಾ! ಎಂಥ ಸಮಯಪಾಲನೆ! ನಾನು ನನ್ನ ಬೋರ್ಡಿನ ಮೇಲೆ ‘ಹತ್ತು ನಿಮಿಷ ಹಿಂದೆ ಮುಂದೆ’ ಎಂದು ಬರೆದಿದ್ದರೆ ಜನ ನನ್ನನ್ನು ಆ ಬೋರ್ಡಿಗೇ ಕಟ್ಟಿಹಾಕುತ್ತಿದ್ದರು. ತಮಗೆ ಮಾತ್ರ ಅಷ್ಟಾದರೂ ನಂಬಿಗಸ್ತನೆಂಬ ಬಿರುದು, ಎದುರಿಗೆ ಅರ್ಧಚಂದ್ರಾಕಾರದ ಬೆಂಚು, ಪೋಸ್ಟ್‌ಕಾರ್ಡಿನ ಮೇಲೆ ಫೋಟೋ.

ಆ ಬೆಂಚಿನ ಮೊದಲ ಸಾಲಿನ ನಟ್ಟನಡುವೆ, ಇಬ್ಬರು ಕೂರುವಷ್ಟು ಅಗಲಕ್ಕೆ ನನ್ನ ಹೆಗಲ ಮೇಲಿನ ಪಟ್ಟೆ ಪಟ್ಟೆಯ ಟವೆಲ್ ಹಾಸಿದೆ. ಆ ದೇಶದವರಾದ ತಮಗೆ ಗೊತ್ತಿರಲಾರದೆಂದು ವಿವರಿಸುತ್ತೇನೆ: ನಮ್ಮ ಕಡೆ ಬಸ್ಸು ಸ್ಟ್ಯಾಂಡಿಗೆ ತಿರುಗುತ್ತಿದ್ದಂತೆ ಕಿಟಕಿಯಿಂದ ಸೀಟಿನ ಮೇಲೆ ಟವೆಲ್ ಎಸೆದರೆ ಆ ಸೀಟು ಎಸೆದವನದು. ಟವೆಲ್ ಎತ್ತಿ ಕೂತವನನ್ನು ನಾಲ್ಕು ಜನ ಸೇರಿ ಎಬ್ಬಿಸುತ್ತಾರೆ. ಈ ವಿಷಯದಲ್ಲಿ ತಮ್ಮೂರಿನ ಜನ ಸಂಭಾವಿತರೆಂದು ಒಪ್ಪಬೇಕು, ಯಾರೂ ಅದನ್ನು ಮುಟ್ಟಲಿಲ್ಲ. ಮರ್ಯಾದೆ ಬಿಟ್ಟವರು ತಾವೊಬ್ಬರೇ.

ಜಾಗ ಹಿಡಿದಾಯಿತೆಂದು ನಾವು ಕಾಫಿ ಕುಡಿದು ಬರಲು ಹೋದೆವು. ಕ್ಯೂ ಉದ್ದವಿತ್ತು. ಹನ್ನೊಂದು ನಲವತ್ತನಾಲ್ಕಕ್ಕೆ, ಅಂದರೆ ಪೂರಾ ಎಂಟು ನಿಮಿಷ ಮುಂಚೆ, ಸೀಟಿಯಿಲ್ಲದೆ, ರೈಟ್ ಅನ್ನದೆ, ಹತ್ತಬೇಕಾದವರು ಹತ್ತಿದರೇ ಎಂದು ತಿರುಗಿಯೂ ನೋಡದೆ ತಾವು ಹೊರಟೇಬಿಟ್ಟಿರಿ. ಮಂಡಿನೋವಿನ ಕುಸುಮಳ ಕೈ ಹಿಡಿದು ಓಡಿಸಿಕೊಂಡು ಬರುವ ಹೊತ್ತಿಗೆ ಜನ ಚಪ್ಪಾಳೆ ಮುಗಿಸಿ ಎದ್ದು ಬರುತ್ತಿದ್ದರು. ತಾವಿದ್ದ ಜಾಗದಲ್ಲಿ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಷ್ಟು ಹಬೆ ಉಳಿದಿತ್ತು. ಖಾಲಿ ಬೆಂಚಿನ ನಡುವೆ ನಮ್ಮ ಟವೆಲ್ ಮಾತ್ರ ಒಂಚೂರು ತೇವವಾಗಿ, ಬೇಯಿಸಿದ ಮೊಟ್ಟೆಯ ವಾಸನೆ ಹಿಡಿದು ಕೂತಿತ್ತು. ಕುಸುಮ ಅದರ ಪಕ್ಕ ಕೂತಳು. ಏದುಸಿರು ಇಳಿದ ಮೇಲೆ, ‘ಹೋಗ್ಲಿ ಬುಡಿ, ಟವೆಲ್ಲಾದ್ರೂ ನೋಡ್ತಲ್ಲ’ ಎಂದಳು. ಮದುವೆಯಾದ ಮೂವತ್ತು ವರ್ಷದಲ್ಲಿ ಅವಳು ನನ್ನನ್ನು ಬೈದದ್ದುಂಟು, ವಾರಗಟ್ಟಲೆ ಮಾತು ಬಿಟ್ಟದ್ದೂ ಉಂಟು, ಯಾವುದೂ ಇಷ್ಟು ನೋಯಿಸಿರಲಿಲ್ಲ.

ನಮ್ಮ ಜೊತೆ ಬಂದಿದ್ದ ಮದ್ದೂರಿನ ನಾಗರತ್ನ ಸಮಾಧಾನ ಹೇಳಲು ಬಂದರು. ‘ಏನಿಲ್ಲ ಕಣಕ್ಕಾ, ನಮ್ಮೊಲದಲ್ಲಿ ಬೋರ್‌ವೆಲ್ ಕೊರ್ಸ್ದಾಗ ನೀರು ಚಿಮ್ತಲ್ಲ, ಅಂಗೇಯ’ ಎಂದು ಫೋನಿನಲ್ಲಿ ಹಿಡಿದದ್ದನ್ನು ತೋರಿಸಹೋದರು. ಫೋನಲ್ಲಿ ನೋಡಲು ಮಳವಳ್ಳಿಯೇ ಸಾಕಿತ್ತೆಂದು ಕುಸುಮ ಮುಖ ತಿರುಗಿಸಿದಳು. ತಮ್ಮ ಮುಂದಿನ ಸರದಿ ಒಂದೂವರೆ ಗಂಟೆಯ ಮೇಲೆ, ನಮ್ಮ ಬಸ್ಸು ಹನ್ನೆರಡೂಕಾಲಿಗೆ. ಅಲ್ಲಿಯವರೆಗೆ ಬಸ್ಸು ತಡೆಯಿರೆಂದು ಬೇಡಿದೆ, ಪ್ರವಾಸದ ಮ್ಯಾನೇಜರ್ ನಾಗೇಶ್ ಅವರ ಕಾಲು ಹಿಡಿಯುವುದೊಂದು ಬಾಕಿ. ಅವರು, ‘ಯಜಮಾನ್ರೇ, ನೀವೇ ಏಜೆಂಟ್ರಾಗಿದ್ದೋರು. ಒಬ್ರಿಗೋಸ್ಕರ ಗಾಡಿ ನಿಲ್ಸಕ್ಕಾಯ್ತದಾ?’ ಎಂದರು. ಅದಕ್ಕೆ ನನ್ನ ಬಳಿ ಉತ್ತರವಿತ್ತು, ಎಲ್ಲರೆದುರು ಹೇಳಲು ನಾಚಿಕೆಯಾಯಿತು. ತಮಗೆ ನಾಚಿಕೆಯ ಪರಿಚಯವಿಲ್ಲವಾದ್ದರಿಂದ ಹೇಳಬಹುದು.

ಕುಸುಮ ಹೊಸದಾಗಿ ಕೆಲಸಕ್ಕೆ ಸೇರಿದಾಗ ನನ್ನ ಎಂಟೂ ನಲವತ್ತರ ಗಾಡಿಗೆ ಬರುತ್ತಿದ್ದಳು, ಒಂದು ದಿನವೂ ಎಂಟೂ ನಲವತ್ತಕ್ಕೆ ಬಂದವಳಲ್ಲ. ರಸ್ತೆಯ ತುದಿಯಲ್ಲಿ ಅವಳ ಸೆರಗು ಕಾಣುವವರೆಗೆ ನಾನು ಸೀಟಿಯನ್ನು ಬಾಯಿಗಿಡುತ್ತಿರಲಿಲ್ಲ. ಟೈರು ಒದ್ದು ನೋಡುವ ನೆಪ, ಟಾಪಿನ ಮೇಲಿನ ಮೂಟೆ ಬಿಗಿ ಮಾಡುವ ನೆಪ ಎಂದು ಎರಡು ವರ್ಷ ಗಾಡಿ ತಡೆದೆ. ಕೊನೆಗೆ ಡ್ರೈವರ್ ಕೈಮುಗಿದು, ‘ಬೇಗ ಮದ್ವೆ ಆಗ್ಬುಡಣ್ಣ, ಗಾಡಿ ಟೈಮಿಗೆ ಒರಡ್ಲಿ’ ಎಂದ, ಆದೆವು. ಅರವತ್ತು ಜನರ ಬೈಗುಳ ತಿಂದು ಒಬ್ಬ ಬಸ್ ಏಜೆಂಟ್ ಮಾಡಬಲ್ಲ ಕೆಲಸವನ್ನು, ಹೊಟ್ಟೆಯಲ್ಲಿ ಭೂಮಿಯ ಬೆಂಕಿಯನ್ನೇ ಇಟ್ಟುಕೊಂಡ ತಾವು ಮಾಡಲಾರದೆ ಹೋದಿರಲ್ಲ! ಎಂಟು ನಿಮಿಷ ನೀರು ತಡೆದುಕೊಳ್ಳುವುದು ನಮ್ಮೂರ ಅಂಗನವಾಡಿಯ ಮಕ್ಕಳಿಗೂ ಬರುತ್ತದೆ.

ಆದ್ದರಿಂದ ತಾವು ದಯಮಾಡಿ ಹದಿನೈದು ದಿನದೊಳಗೆ ಲಿಖಿತ ಸಮಜಾಯಿಷಿ, ಕನ್ನಡದಲ್ಲಿ, ಕಳುಹಿಸತಕ್ಕದ್ದು. ಇನ್ನು ಮುಂದೆ ದೂರದಲ್ಲಿ ಮಂಡಿ ಹಿಡಿದುಕೊಂಡು ಓಡಿಬರುವ ಹೆಂಗಸು ಕಂಡರೆ ಅವಳು ಕೂತು ಸೆರಗು ಸರಿಮಾಡಿಕೊಳ್ಳುವವರೆಗೆ ಕಾಯತಕ್ಕದ್ದು. ಅಷ್ಟಕ್ಕೇ ನಾನು ತೃಪ್ತನಲ್ಲ. ಒಂದು ದಿನದ ಮಟ್ಟಿಗೆ ತಾವು ಸ್ಪೆಷಲ್ ಟ್ರಿಪ್ ಮೇಲೆ ಮಳವಳ್ಳಿಗೆ ಬಂದು, ಕುಸುಮ ಹೂಂ ಅಂದ ಮೇಲೆ ಒಂದೇ ಒಂದು ಸಲ ಚಿಮ್ಮಿ ಹೋಗಬೇಕು. ಜಾಗಕ್ಕೆ ಚಿಂತೆ ಬೇಡ, ಟವೆಲ್ ಹಾಸಿಡುತ್ತೇನೆ.

ತಮ್ಮ ಕಡೆಯಿಂದ ಬರಬಹುದಾದ ಕೆಲವು ಸಣ್ಣಪುಟ್ಟ ಆಕ್ಷೇಪಣೆಗಳಿಗೆ ಈಗಲೇ ಉತ್ತರಿಸಿಬಿಡುತ್ತೇನೆ. ಬೋರ್ಡು ಓದಿದ ಕೂಡಲೇ ಕುಸುಮ, ‘ರೀ, ಹತ್ತು ನಿಮಿಷ ಮುಂಚೇನೂ ಬರಬೋದು ಅಂತ ಹಾಕವ್ರೆ, ಇಲ್ಲೇ ಕೂತ್ಕೊಳಣ’ ಎಂದದ್ದು ನಿಜ. ‘ಬೋರ್ಡ್ ಟೈಮಿಗಿಂತ ಮುಂಚೆ ಯಾವ ಗಾಡೀನೂ ಒರಡಕ್ಕಿಲ್ಲ, ಬಾ ಕಣೆ’ ಎಂದು ನಾನು ಎಳೆದುಕೊಂಡು ಹೋದದ್ದೂ ನಿಜ. ಕಾಫಿ ಬೇಕಾಗಿದ್ದದ್ದು ನನಗೆ. ಇಪ್ಪತ್ತೊಂಬತ್ತು ವರ್ಷ ಊರೆಲ್ಲ ಕೇಳುವಂತೆ ಕೂಗಿದ ನನಗೆ ಆ ಕೌಂಟರಿನ ಮುಂದೆ ಇಂಗ್ಲಿಷಿನಲ್ಲಿ ಒಂದು ಕಾಫಿ ಕೇಳಲು ಬಾಯಿ ಬರುತ್ತಿರಲಿಲ್ಲ, ಅದಕ್ಕೇ ಅವಳು ಬೇಕಾಗಿತ್ತು. ಇನ್ನೊಂದಿದೆ. ಕ್ಯೂನಲ್ಲಿ ನಿಂತಿದ್ದಾಗ ಹೊರಗೆ ಬುಸ್ಸೆಂದು ದೊಡ್ಡ ಸದ್ದಾಯಿತು. ಕುಸುಮ ನನ್ನ ತೋಳು ಹಿಡಿದು ಎಳೆದಳು. ‘ಯಾವ್ದೋ ಬಸ್ಸು ಏರ್ ಬುಡ್ತಾ ಅದೆ, ಸುಮ್ನಿರು’ ಎಂದೆ. ಬಸ್ಸಿನ ಸದ್ದು ನನಗೆ ಗೊತ್ತೆಂದು ನಂಬಿ ಅವಳು ಸುಮ್ಮನೆ ನಿಂತಳು. ಇಷ್ಟೆಲ್ಲ ಇದ್ದರೂ ತಪ್ಪು ತಮ್ಮದೇ ಎಂಬುದು ನನ್ನ ದೃಢವಾದ ಅಭಿಪ್ರಾಯ, ತಮ್ಮದಲ್ಲವಾದರೆ ಅದು ಯಾರದೆಂದು ಒಪ್ಪಿಕೊಳ್ಳುವ ಶಕ್ತಿ ನನಗಿಲ್ಲ.

ಊರಿಗೆ ಬಂದ ಮೇಲೆ ಕಿರುಗಾವಲಿನ ಸ್ಕೂಲಿನಿಂದ ಕರೆ ಬಂತು. ಹೋಗುವಾಗ ಬಸ್ಸಿನಲ್ಲಿ, ‘ನೋಡ್ದೆ ಅಂದ್ಬುಡು, ಅದೇನು ಬಂದು ಇಲ್ಲ ಅಂದದಾ?’ ಎಂದೆ. ‘ಮೂವತ್ತೆರಡು ವರ್ಷ ನಿಜ ಹೇಳ್ಬುಟ್ಟು ಈಗ ಸುಳ್ಳು ಹೇಳಾದ?’ ಎಂದು ಕುಸುಮ ಕಿಟಕಿಯ ಕಡೆ ತಿರುಗಿದಳು. ನಾನು ಕ್ಲಾಸಿನೊಳಗೆ ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತೆ. ಅವಳು ಎಂದಿನಂತೆ ಬಂಡೆ, ನೀರು, ಕೊಳವೆ, ಚಿಮ್ಮುವ ತಾವು, ಎಲ್ಲವನ್ನೂ ಬರೆದಳು. ಆಮೇಲೆ ಇಷ್ಟು ವರ್ಷ ಬರೆಯದಿದ್ದ ಒಂದು ಉದ್ದನೆಯ ಬೆಂಚು ಬರೆದು, ಅದರ ಮೇಲೆ ಪಟ್ಟೆ ಪಟ್ಟೆಯ ಟವೆಲ್ ಬರೆದಳು. ‘ಮಿಸ್, ನೀವೆಲ್ಲಿ?’ ಎಂದಳು ದೀಪಿಕ. ‘ನಾನು ನೋಡ್ಲಿಲ್ಲ ಕಣಮ್ಮ’ ಎಂದಳು ಕುಸುಮ. ‘ಹಂಗಾದ್ರೆ ಟವೆಲ್ ಯಾರ್ದು?’ ಎಂದು ಆ ಹುಡುಗಿ ಕೇಳಿದಾಗ ಇಡೀ ಕ್ಲಾಸು ನನ್ನ ಹೆಗಲನ್ನು ನೋಡಿತು.

ತಮ್ಮ ಹೆಸರಿನಲ್ಲಿರುವ ನಂಬಿಕೆಯನ್ನು ತಮಗೇ ಹಿಂತಿರುಗಿಸಿ, ಮಿಕ್ಕ ವಿಶ್ವಾಸವನ್ನಷ್ಟೇ ಇಟ್ಟುಕೊಂಡಿರುವ,

ತಮ್ಮ ವಿಶ್ವಾಸಿ,
ಪುಟ್ಟಮಾದಯ್ಯ
ಮಳವಳ್ಳಿ

ಮರೆತಿದ್ದೆ: ಪೀರಿಯಡ್ ಮುಗಿದು ಗಣಿತದ ಮೇಷ್ಟ್ರು ಬಾಗಿಲಲ್ಲಿ ಬಂದು ನಿಂತರೂ ಡಸ್ಟರ್ ಸಿಗಲಿಲ್ಲ. ಕುಸುಮ ನನ್ನ ಹೆಗಲಿನತ್ತ ಕೈ ಚಾಚಿದಳು. ತಮ್ಮನ್ನು, ಕೆಳಗಿನ ಕಾದ ಬಂಡೆಯಿಂದ ಹಿಡಿದು ಚಿಮ್ಮುವ ತುದಿಯವರೆಗೆ ಒರೆಸಿಹಾಕಲು ಅರ್ಧ ನಿಮಿಷವೂ ಹಿಡಿಯಲಿಲ್ಲ, ಒರೆಸಿದ್ದು ತಮ್ಮನ್ನು ಕಣ್ಣಾರೆ ನೋಡಿ ಬಂದ ಅದೇ ಟವೆಲ್. ಬೆಂಚನ್ನೂ ಅದರ ಮೇಲಿದ್ದುದನ್ನೂ ಮಾತ್ರ ಅವಳು ಹಾಗೇ ಬಿಟ್ಟಳು.